ಫಿಜಿಯ ಲಂಬಾಸಾ ಪಟ್ಟಣವನ್ನು ಕಟ್ಟಿದವರು ಯಾರು?

ಕಬ್ಬಿನಗದ್ದೆ: ಫಿಜಿಯ ವನುವಾ ಲೇವು ದ್ವೀಪದ ಲಂಬಾಸಾ ನಮ್ಮವರು ಕಟ್ಟಿದ ಊರು. 1894ರಲ್ಲಿ ಅಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಯಿತು. ಐದು ವರ್ಷದ ಗಿರ್ಮಿಟ್ (ಅಗ್ರಿಮೆಂಟ್ ಎಂಬುದರ ಅಪಭ್ರಂಶ) ಕೂಲಿ ಕರಾರಿಗೆ ಹೆಬ್ಬೆಟ್ಟು ಒತ್ತಿ ಭಾರತದಿಂದ ಹಡಗು ಹತ್ತಿದವರು ಮೇಲ್ವಿಚಾರಕರ ಚಾವಟಿಯ ಕೆಳಗೆ ಕಬ್ಬು ಬೆಳೆದರು. ಅಂಥವರ ಸಂತತಿಯನ್ನು 1997ರಿಂದೀಚೆಗೆ, ಗೇಣಿ ಅವಧಿ ಮುಗಿಯಿತೆಂದು ಹೊಲದಿಂದ ಎಬ್ಬಿಸಿದ್ದು ಘೋರ ಅನ್ಯಾಯ.

ಅಂಕಿಅಂಶ: "ನಮ್ಮವರು ಕಟ್ಟಿದ ಊರು" ಎನ್ನುವುದು ಭಾವುಕತೆ. ಕಾರ್ಖಾನೆ, ಕಬ್ಬು ಸಾಗಿಸುವ ರೈಲು ಹಳಿ, ಬಂಡವಾಳ ಎಲ್ಲವೂ ಆಸ್ಟ್ರೇಲಿಯಾದ ಕಲೋನಿಯಲ್ ಶುಗರ್ ರಿಫೈನಿಂಗ್ ಕಂಪನಿಯದು. ಕಬ್ಬಿನ ಬೆಲೆಯೂ ಅದರ ಮುಷ್ಟಿಯಲ್ಲೇ ಇತ್ತು. ಬಿಹಾರ, ಅವಧ್ ಕಡೆಯಿಂದ ಹೋದವರು ದುಡಿದರು, ಅಷ್ಟೇ.

ಕಾವೇರಿತೀರ: "ಬಿಹಾರ, ಅವಧ್" ಮಾತ್ರವೇ? ದಕ್ಷಿಣದವರನ್ನು ಅಳಿಸಿಹಾಕುವ ಈ ಚಾಳಿ ಯಾವಾಗ ನಿಲ್ಲುತ್ತದೆ? 1903ರಿಂದ ಮದ್ರಾಸಿನಿಂದಲೂ ಹಡಗುಗಳು ಹೋದವು. ಒಟ್ಟು 60,000ಕ್ಕೂ ಹೆಚ್ಚು ಕೂಲಿಗಳಲ್ಲಿ ಸುಮಾರು 15,000 ಮಂದಿ ಅಲ್ಲಿಂದ ಹೋದವರು.

ಅಂಕಿಅಂಶ: ಅಂದರೆ ಕಾಲು ಭಾಗ. ಉಳಿದ ಮುಕ್ಕಾಲು ಕಲ್ಕತ್ತೆಯ ಹಡಗುಗಳದ್ದು. ಇಂದು ಲಂಬಾಸಾ ಪೇಟೆಯಲ್ಲಿ ಕೇಳಿಸುವ ಫಿಜಿ ಹಿಂದಿ ಹುಟ್ಟಿದ್ದು ಅವಧಿ, ಭೋಜಪುರಿ ಭಾಷೆಗಳಿಂದ. ಮದ್ರಾಸಿನವರ ಮೊಮ್ಮಕ್ಕಳೂ ಅದನ್ನೇ ಆಡುತ್ತಾರೆ.

ಕಾವೇರಿತೀರ: ಅದನ್ನೇ ಆಡಬೇಕಾಗಿ ಬಂದದ್ದು ಹೆಮ್ಮೆಯ ವಿಷಯವೇ? ಭಾಷೆ ಕೈತಪ್ಪುತ್ತಿದೆ ಎಂಬ ಸಂಕಟಕ್ಕೇ 1926ರಲ್ಲಿ ಫಿಜಿಯ ನಾಂದಿ ಪಟ್ಟಣದಲ್ಲಿ ಸಾಧು ಕುಪ್ಪುಸ್ವಾಮಿ ದಕ್ಷಿಣ ಭಾರತೀಯರ ಸಂಗಮ್ ಸಂಸ್ಥೆ ಕಟ್ಟಿದರು. ಅದರ ಶಾಲೆಗಳು ಇಂದಿಗೂ ನಡೆಯುತ್ತಿವೆ. ಅದರ ನರ್ಸಿಂಗ್ ಕಾಲೇಜು ಇರುವುದು ಲಂಬಾಸಾದಲ್ಲೇ. ಊರು ಕಟ್ಟುವುದೆಂದರೆ ಇದು.

ಬಳ್ಳಾರಿಯವನು: ಮದ್ರಾಸ್ ಎಂದಾಕ್ಷಣ ತಮಿಳು, ತೆಲುಗು ಎಂದು ಮುಗಿಸಬೇಡಿ. ಬಳ್ಳಾರಿ, ದಕ್ಷಿಣ ಕನ್ನಡ ಎರಡೂ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಆ ಹಡಗುಗಳಲ್ಲಿ ಕನ್ನಡಿಗರೂ ಇದ್ದರು.

ಅಂಕಿಅಂಶ: ಜಿಲ್ಲೆ ಪ್ರಾಂತ್ಯದಲ್ಲಿತ್ತು ಎಂದ ಮಾತ್ರಕ್ಕೆ ಜನ ಹಡಗಿನಲ್ಲಿದ್ದರು ಎಂದಾಗುವುದಿಲ್ಲ. ನೇಮಕಾತಿ ಹೆಚ್ಚಾಗಿ ನಡೆದದ್ದು ಉತ್ತರ ಆರ್ಕಾಟ್, ಗೋದಾವರಿ, ವಿಶಾಖಪಟ್ಟಣ, ಮಲಬಾರ್ ಕಡೆ.

ಬಳ್ಳಾರಿಯವನು: "ಹೆಚ್ಚಾಗಿ" ಎಂದು ನೀವೇ ಬರೆದಿದ್ದೀರಿ. ಉಳಿದವರು ಎಲ್ಲಿಯವರು? ಬರಗಾಲಕ್ಕೆ ಹೆಸರಾದ ಜಿಲ್ಲೆ ನಮ್ಮದು. ಹೊಟ್ಟೆಗಿಲ್ಲದೆ ಊರು ಬಿಟ್ಟವರನ್ನು ಶೇಕಡಾವಾರು ಲೆಕ್ಕದಲ್ಲಿ ಹೂತುಹಾಕಬೇಡಿ!

ಕಬ್ಬಿನಗದ್ದೆ: ದಯವಿಟ್ಟು ಜಮೀನಿನ ವಿಷಯಕ್ಕೆ ಬನ್ನಿ. ಎಬ್ಬಿಸಲ್ಪಟ್ಟವರಲ್ಲಿ ಮದ್ರಾಸಿನವರೂ ಇದ್ದರು, ಕಲ್ಕತ್ತೆಯವರೂ ಇದ್ದರು.

ಹಳೇಮಣ್ಣು: "ಎಬ್ಬಿಸಲ್ಪಟ್ಟವರು" ಎಂಬ ಮಾತೇ ತಪ್ಪು. 1976ರ ಕೃಷಿ ಗೇಣಿ ಕಾನೂನು ಕೊಟ್ಟದ್ದು 30 ವರ್ಷದ ಗೇಣಿ. ಅವಧಿ ಮುಗಿಯಿತು, ಒಡೆಯರು ನೆಲ ಕೇಳಿದರು. ಫಿಜಿಯ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ನೆಲ ಮೂಲನಿವಾಸಿ ಕುಲಗಳದ್ದು, ಮಾರಲು ಬಾರದ್ದು. ಇಂಥ ನೆಲದ ಹಕ್ಕು ಉಳಿಯಬೇಕೆಂದು ನಾವು ಎಲ್ಲೆಡೆ ವಾದಿಸುತ್ತೇವೆ. ಫಿಜಿಯಲ್ಲಿ ಮಾತ್ರ ಅದು ಘೋರವೇ?

ಕಬ್ಬಿನಗದ್ದೆ: ಕಾಗದದಲ್ಲಿ ಅವಧಿ ಮುಗಿಯಿತು, ಸರಿ. ಮೂರು ತಲೆಮಾರು ಬೆವರು ಸುರಿಸಿದವರು ರಾಜಧಾನಿ ಸುವಾ, ಅದರ ಹತ್ತಿರದ ನೌಸೋರಿ ಪಟ್ಟಣದ ಅಂಚಿನ ತಗಡಿನ ಗುಡಿಸಲು ಸೇರಿದರು. ಬಿಟ್ಟುಹೋದ ಎಷ್ಟೋ ಹೊಲಗಳು ಪಾಳುಬಿದ್ದವು. ಯಾರಿಗೆ ಲಾಭವಾಯಿತು?

ಹಳೇಮಣ್ಣು: ಲಾಭ ನೋಡಿ ಹಕ್ಕು ಕೊಡುವುದಾದರೆ ಆ ಸಕ್ಕರೆ ಕಂಪನಿಯೂ ನೀವೂ ಒಂದೇ.

ಕಬ್ಬಿನಗದ್ದೆ: ಕಂಪನಿಯ ವಿರುದ್ಧ 1921ರಲ್ಲೂ 1943ರಲ್ಲೂ ಮುಷ್ಕರ ಹೂಡಿದವರ ಮೊಮ್ಮಕ್ಕಳ ಪರ ಮಾತನಾಡುತ್ತಿದ್ದೇನೆ. ಹೋಲಿಕೆಯನ್ನು ಹಿಂತೆಗೆದುಕೊಳ್ಳಿ.

ಅಂಕಿಅಂಶ: 1943ರ ಮುಷ್ಕರದಲ್ಲಿ ರೈತರೇ ಒಡೆದುಹೋಗಿದ್ದರು. ಕಿಸಾನ್ ಸಂಘ ಒಂದು ಕಡೆ, ವಕೀಲ ಎ.ಡಿ. ಪಟೇಲ್ ಮತ್ತು ರಾಮಕೃಷ್ಣ ಮಿಷನ್ನಿನ ಸ್ವಾಮಿ ರುದ್ರಾನಂದರ ಮಹಾಸಂಘ ಇನ್ನೊಂದು ಕಡೆ.

ಕಾವೇರಿತೀರ: ರುದ್ರಾನಂದರು ದಕ್ಷಿಣದವರ ನಡುವೆ ಕೆಲಸ ಮಾಡಲೆಂದೇ ಫಿಜಿಗೆ ಹೋದವರು. ಅದನ್ನೇಕೆ ಬಿಟ್ಟಿರಿ?

ಬಳ್ಳಾರಿಯವನು: ನನಗಿನ್ನೂ ಉತ್ತರ ಬಂದಿಲ್ಲ. ಪ್ರತಿ ಕೂಲಿಯ ವಲಸೆ ಪಾಸಿನಲ್ಲಿ ಜಿಲ್ಲೆ, ಊರು, ಜಾತಿ, ತಂದೆಯ ಹೆಸರು ಬರೆದಿರುತ್ತಿತ್ತು. ಅವನ್ನೆಲ್ಲ ಓದಿ, ಆಮೇಲೆ ಕನ್ನಡಿಗರಿರಲಿಲ್ಲ ಎನ್ನಿ.

ಅಂಕಿಅಂಶ: ಇದ್ದರು ಎಂದವರು ನೀವು. ಓದಿ ತೋರಿಸಬೇಕಾದವರೂ ನೀವೇ.