ಪ್ಯಾಡಲ್ ಬೋರ್ಡ್ ಕಲಿಯಲು ಮೂಲ್ಕಿಗೆ ಬರುತ್ತಿದ್ದೇವೆ, ಮೊದಲು ಏನು ಗೊತ್ತಿರಬೇಕು?

ಜಯನಗರದ ಟೀಚರ್:

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಹೋದ ವರ್ಷವಷ್ಟೇ ಈಜು ಕಲಿತೆ. ಈಜುಕೊಳದಲ್ಲಿ 25 ಮೀಟರ್ ನಿಲ್ಲದೆ ಹೋಗುತ್ತೇನೆ, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಜನವರಿಯಲ್ಲಿ 14 ವರ್ಷದ ಮಗಳ ಜೊತೆ ಮೂಲ್ಕಿಗೆ ಬರುತ್ತಿದ್ದೇನೆ. ಶಾಂಭವಿ ಹೊಳೆಯಲ್ಲಿ ಬೋರ್ಡ್ ಮೇಲೆ ನಿಂತು ಹುಟ್ಟು ಹಾಕುವುದನ್ನು ಕಲಿಯಬೇಕು ಅಂತ ಇಬ್ಬರಿಗೂ ಆಸೆ.

ಆದರೆ ನನಗೆ ಭಯ ಇದೆ. ಎರಡು ವರ್ಷದ ಹಿಂದೆ ಬೇರೊಂದು ಕಡೆ ಹಿನ್ನೀರಿನ ದಡದಲ್ಲಿ ಬೋರ್ಡ್ ಬಾಡಿಗೆಗೆ ಕೊಡುತ್ತಿದ್ದರು. ಲೈಫ್ ಜಾಕೆಟ್ ಕೇಳಿದರೆ "ಇಲ್ಲಿ ಆಳ ಇಲ್ಲ ಮೇಡಂ" ಅಂದರು. ಮಗಳನ್ನು ಕೂರಿಸಿ ಸುಮ್ನೆ ತಳ್ಳಿಬಿಟ್ಟರು. ಗಾಳಿಗೆ ಅವಳು ನೋಡನೋಡುತ್ತಲೇ ದೂರ ಹೋದಳು. ಯಾರೋ ದೋಣಿಯಲ್ಲಿ ಹೋಗಿ ಎಳೆದು ತರುವ ತನಕ ನಾನು ದಡದಲ್ಲಿ ನಿಂತು ಅವಳ ಹೆಸರು ಕೂಗುತ್ತಿದ್ದೆ. ಆ ಹತ್ತು ನಿಮಿಷ ಇನ್ನೂ ಮರೆತಿಲ್ಲ.

ಈ ಸಲ ತಿಳಿದುಕೊಂಡೇ ನೀರಿಗೆ ಇಳಿಯಬೇಕು. ನನ್ನ ಈಜು ಸಾಕಾ? ನಿಲ್ಲುವುದು ಎಷ್ಟು ಕಷ್ಟ? ಗಾಳಿ ತುಂಬುವ ಬೋರ್ಡ್ ಕೊಂಡು ತರಲಾ?

ಹೊಳೆಬದಿ ಮನೆ:

ಅಕ್ಕಾ, ನಮ್ಮ ಊರಿಗೆ ಬನ್ನಿ. ನನ್ನ ಮನೆ ಶಾಂಭವಿಯ ದಡದಲ್ಲೇ. ಆರು ವರ್ಷದಿಂದ ಬೋರ್ಡ್ ಮೇಲೆ ಹುಟ್ಟು ಹಾಕುತ್ತಿದ್ದೇನೆ.

ಬೋರ್ಡ್ ಈಗ ಕೊಳ್ಳಬೇಡಿ. ಬಾಡಿಗೆಗೆ ತೆಗೆದುಕೊಂಡು, ಕಲಿಸುವವರ ಜೊತೆಯಲ್ಲೇ ಇಳಿಯಿರಿ. ಹತ್ತೂವರೆ ಅಡಿ ಉದ್ದ, 32 ಇಂಚು ಅಗಲ ಇದ್ದರೆ ಕಲಿಯುವವರಿಗೆ ಸರಿ. ನಿಲ್ಲುವುದು ಬಹಳ ಜನಕ್ಕೆ ಮೊದಲ ದಿನವೇ ಬರುತ್ತದೆ. ಅದರ ಚಿಂತೆ ಬಿಡಿ. ಕಲಿಯಬೇಕಾದ್ದು ನೀರು ಯಾವ ಕಡೆ ಹೋಗುತ್ತಿದೆ ಅನ್ನುವುದನ್ನು.

ನಮ್ಮ ಹೊಳೆ ಕೆರೆಯ ಹಾಗಲ್ಲ. ಸಸಿಹಿತ್ಲು ಹತ್ತಿರ ಶಾಂಭವಿ, ನಂದಿನಿ ಎರಡೂ ಸೇರಿ ಸಮುದ್ರಕ್ಕೆ ಬೀಳುತ್ತವೆ. ಆ ಬಾಯಿಗೆ ನಾವು ಅಳಿವೆ ಅನ್ನುತ್ತೇವೆ. ಉಬ್ಬರ ಬಂದಾಗ ಹೊಳೆ ಹಿಂದಕ್ಕೆ ತುಂಬುತ್ತದೆ. ಇಳಿತದಲ್ಲಿ ತುಂಬಿದ್ದೆಲ್ಲ ಅಳಿವೆಯ ಕಡೆಗೆ ಓಡುತ್ತದೆ. ದಿನಕ್ಕೆ ಎರಡು ಸಲ ಹೀಗೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಸೆಳೆತ ಜಾಸ್ತಿ. ಜನವರಿಯಲ್ಲಿ ಇನ್ನೊಂದು ವಿಷಯ: ಬೆಳಿಗ್ಗೆ ಮೂಡುಗಾಳಿ. ಅದೂ ನೆಲದಿಂದ ಸಮುದ್ರದ ಕಡೆಗೇ ಬೀಸುತ್ತದೆ. ಹೊಳೆ ಕನ್ನಡಿಯ ಹಾಗೆ ಕಾಣುತ್ತಿರುತ್ತದೆ, ಆದರೆ ಇಳಿತದ ಹೊತ್ತಾದರೆ ನೀರು, ಗಾಳಿ ಎರಡೂ ನಿಮ್ಮನ್ನು ಪಡುವಣಕ್ಕೆ ತಳ್ಳುತ್ತಿರುತ್ತವೆ. ಬೋರ್ಡ್ ಮೇಲೆ ನಿಂತ ಮನುಷ್ಯನ ಮೈಯೇ ಹಾಯಿ, ಅಲ್ವಾ?

ನಾನು ಕಲಿತ ಎರಡನೇ ತಿಂಗಳು ಹೀಗೇ ಆಯಿತು. ಇಳಿತ ಶುರುವಾಗಿದ್ದು ನೋಡದೆ ಹೋದೆ. ವಾಪಸ್ ತಿರುಗಿ ಎಷ್ಟು ಹುಟ್ಟು ಹಾಕಿದರೂ ದಡದ ತೆಂಗಿನಮರ ಇದ್ದಲ್ಲೇ ಇತ್ತು. ಬೀಸುಬಲೆ ಹಿಡಿದಿದ್ದ ಅಜ್ಜರೊಬ್ಬರು "ಕುಲ್ಲುಲೆ, ಕುಲ್ಲುಲೆ!" ಅಂತ ಕೂಗಿದರು. ತುಳುವಿನಲ್ಲಿ ಕೂತ್ಕೊಳ್ಳಿ ಅಂತ. ನಾನು ಕೂರಲಿಲ್ಲ. ಮರುಕ್ಷಣ ಬಿದ್ದೆ. ಬೋರ್ಡ್ ಕಟ್ಟಿ ಹಾಕಿದ್ದ ದೋಣಿಯೊಂದರ ಹಗ್ಗದ ಆ ಬದಿಗೆ ಹೋಯಿತು, ನಾನು ಈ ಬದಿಗೆ. ಬೋರ್ಡನ್ನು ಕಾಲಿಗೆ ಕಟ್ಟುವ ಪಟ್ಟಿ, ಅಂದರೆ ಲೀಶ್, ಆ ಹಗ್ಗಕ್ಕೆ ಸಿಕ್ಕಿಕೊಂಡಿತು. ನೀರು ನನ್ನನ್ನು ಎಳೆಯುತ್ತಿದೆ, ಲೀಶ್ ಬಿಗಿಯಾಗಿದೆ. ಬಿಚ್ಚಲು ಪಾದದ ಹತ್ತಿರ ಕೈ ಹಾಕಲು ಬಗ್ಗಿದರೆ ಮುಖ ಮುಳುಗುತ್ತದೆ. ಮೂರು ಸಲ ಬಗ್ಗಿದೆ, ಮೂರು ಸಲವೂ ಕೈ ಮುಟ್ಟಲಿಲ್ಲ. ಅಜ್ಜ ದೋಣಿಯಲ್ಲಿ ಬಂದು ಬೋರ್ಡನ್ನು ಹರಿವಿಗೆ ಎದುರಾಗಿ ಒಂದು ಮೊಳ ಎಳೆದು ಹಿಡಿದರು. ಲೀಶ್ ಸಡಿಲವಾಯಿತು, ಬಿಚ್ಚಿದೆ. ಜಾಕೆಟ್ ಹಾಕಿದ್ದಕ್ಕೆ ಅವರು ಬರುವ ತನಕ ತಲೆ ಮೇಲಿತ್ತು.

ಅದಕ್ಕೇ ಹೇಳುತ್ತೇನೆ: ಹರಿಯುವ ನೀರಿನಲ್ಲಿ ಕಾಲಿಗೆ ಲೀಶ್ ಬೇಡ. ಸೊಂಟದ ಬೆಲ್ಟಿಗೆ ಕಟ್ಟುವ ಲೀಶ್ ಇರುತ್ತದೆ, ಒಂದು ಗುಂಡಿ ಹಿಡಿದು ಎಳೆದರೆ ಕಳಚುತ್ತದೆ. ಅದನ್ನೇ ಕೇಳಿ. ದಡದಲ್ಲಿ ಕಣ್ಣು ಮುಚ್ಚಿಕೊಂಡು ನಾಲ್ಕೈದು ಸಲ ಎಳೆದು ನೋಡಿ. ಅಲೆ ಇರುವ ಸಮುದ್ರದಲ್ಲಿ ಕಾಲಿಗೆ ಕಟ್ಟುತ್ತಾರೆ, ಅದು ಬೇರೆ ಮಾತು.

ನೀವು ಬರುವ ವಾರದ ಉಬ್ಬರದ ಹೊತ್ತನ್ನು ನವಮಂಗಳೂರು ಬಂದರಿನ ಪಟ್ಟಿಯಲ್ಲಿ ನೋಡಿಕೊಳ್ಳಿ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನೀರು ಪೂರ್ತಿ ತುಂಬುವುದಕ್ಕೆ ಮುಂಚಿನ ಎರಡು ಗಂಟೆ ಕಲಿಯಲು ಒಳ್ಳೆಯದು. ಕೈ ಸೋತರೂ ನೀರು ನಿಮ್ಮನ್ನು ಊರ ಕಡೆಗೇ ತರುತ್ತದೆ, ಅಳಿವೆಗೆ ಒಯ್ಯುವುದಿಲ್ಲ. ತಳದ ಚಿಪ್ಪುಗಳ ಮೇಲೂ ಸಾಕಷ್ಟು ನೀರಿರುತ್ತದೆ. ಇಳಿಯುವ ಮೊದಲು ಸೇತುವೆಯ ಕಂಬದ ಬುಡ ನೋಡಿ. ನೀರು ಯಾವ ಬದಿಗೆ ಬಾಲದ ಹಾಗೆ ಎಳೆದಿದೆಯೋ ಹರಿವು ಆ ಕಡೆಗೆ.

ಎರಡು ಜಡೆ:

ಟೀಚರ್, ನಾನು ಹೋದ ಚಳಿಗಾಲ ಕಲಿತೆ. ನನ್ನ ಅನುಭವದ ನಾಲ್ಕು ಮಾತು.

ಮೊದಲ ಅರ್ಧ ಗಂಟೆ ಮಂಡಿಯೂರಿಯೇ ಹುಟ್ಟು ಹಾಕಿ. ಬೋರ್ಡ್ ನಡುವಿನ ಹಿಡಿ ಎರಡು ಮಂಡಿಗಳ ಮಧ್ಯೆ ಇರಲಿ. ನಿಲ್ಲುವಾಗ ಮಂಡಿ ಇದ್ದ ಜಾಗಕ್ಕೇ ಒಂದೊಂದು ಪಾದ ತನ್ನಿ. ಮಂಡಿ ಸ್ವಲ್ಪ ಬಗ್ಗಿರಲಿ, ಕಣ್ಣು ದೂರದ ದಡದ ಮೇಲಿರಲಿ. ಪಾದ ನೋಡಿದಾಗಲೆಲ್ಲ ನಾನು ಬಿದ್ದಿದ್ದೇನೆ. ಬೆರಳುಗಳಿಂದ ಬೋರ್ಡನ್ನು ಬಿಗಿಯಾಗಿ ಒತ್ತಿ ಹಿಡಿಯಬೇಡಿ, ಪಾದ ಜೋಮು ಹಿಡಿಯುತ್ತದೆ. ಪ್ಯಾಡಲ್ಲಿನ ಅಲಗು ಸ್ವಲ್ಪ ಬಾಗಿರುತ್ತದೆ, ಆ ಬಾಗು ಮುಂದಕ್ಕೆ ಇರಬೇಕು.

ಬೀಳುತ್ತೀರಿ ಅನ್ನಿಸಿದರೆ ಬೋರ್ಡಿನಿಂದ ಆಚೆಗೆ, ಮೈ ಚಪ್ಪಟೆ ಮಾಡಿ ಬಿಡಿ. ತಲೆ ಮುಂದಾಗಿ ಹಾರಲೇಬೇಡಿ. ಮತ್ತೆ ಹತ್ತುವುದನ್ನು ಮೊದಲ ದಿನವೇ, ನಿಲ್ಲುವ ಮುಂಚೆಯೇ ಕಲಿಸಿಕೊಳ್ಳಿ. ನನಗೆ ಕಷ್ಟ ಆಗಿದ್ದು ಅದೇ. ಪಕ್ಕದಿಂದ ಹಿಡಿ ಹಿಡಿದು, ಕಾಲು ಹಿಂದಕ್ಕೆ ಚಾಚಿ ಬಡಿದು, ಹೊಟ್ಟೆ ಮೇಲೆ ಜಾರಿಕೊಂಡು ಹತ್ತಬೇಕು. ಕನ್ನಡಕ ಇದ್ದರೆ ದಾರ ಕಟ್ಟಿ.

ಜಯನಗರದ ಟೀಚರ್:

ಇಬ್ಬರಿಗೂ ತುಂಬಾ ಧನ್ಯವಾದ. ಅಣ್ಣಾ, ನಿಮ್ಮ ಲೀಶ್ ವಿಷಯ ಓದಿ ಕೈ ನಡುಗಿತು. ಜಾಕೆಟ್ ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಹೇಗೆ ನೋಡುವುದು? ಅಕಸ್ಮಾತ್ ಮತ್ತೆ ಗಾಳಿ ಎಳೆದುಕೊಂಡು ಹೋದರೆ ಮಗಳು ಏನು ಮಾಡಬೇಕು?

ಹೊಳೆಬದಿ ಮನೆ:

ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಎರಡು ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ. ಕಿವಿ ತನಕ ಬಂದರೆ ಅದು ಅವಳ ಅಳತೆಯದ್ದಲ್ಲ, ಬೇರೆ ಕೇಳಿ. ಕೊಡದಿದ್ದರೆ ಇಳಿಯಬೇಡಿ, ದುಡ್ಡು ಹೋದರೆ ಹೋಗಲಿ. ನಿಮ್ಮ 25 ಮೀಟರ್ ಈಜು ಜಾಕೆಟ್ ಇದ್ದರೆ, ಕಲಿಸುವವರು ಪಕ್ಕದಲ್ಲಿದ್ದರೆ ಸಾಕು. ಒಬ್ಬರೇ ಹೋಗಲು ಸಾಕಾಗುವುದಿಲ್ಲ.

ಗಾಳಿ ಎಳೆದರೆ ಮೊದಲು ಮಂಡಿಯೂರಬೇಕು. ಅದಕ್ಕೂ ಬಗ್ಗದಿದ್ದರೆ ಬೋರಲು ಮಲಗಿ, ಪ್ಯಾಡಲ್ ಮೈ ಕೆಳಗೆ ಇಟ್ಟು, ಎರಡೂ ಕೈಯಿಂದ ನೀರು ತಳ್ಳಬೇಕು. ಹರಿವಿಗೆ ಎದುರಾಗಿ ಅಲ್ಲ, ಅಡ್ಡಕ್ಕೆ, ಹತ್ತಿರದ ದಡಕ್ಕೆ. ದಡದ ಪಕ್ಕ ಸೆಳೆತ ಕಡಿಮೆ. ಏನೇ ಆದರೂ ಬೋರ್ಡ್ ಬಿಟ್ಟು ಈಜಬಾರದು. ಬೋರ್ಡ್ ತೇಲುತ್ತದೆ, ದೂರಕ್ಕೂ ಕಾಣುತ್ತದೆ. ಅವಳ ಕೊರಳಲ್ಲಿ ಒಂದು ಸೀಟಿ ಇರಲಿ. ನಿಮ್ಮ ಫೋನ್ ನೀರು ಹೋಗದ ಚೀಲದಲ್ಲಿ ನಿಮ್ಮ ಮೈಮೇಲೇ ಇರಲಿ. ತುರ್ತಿಗೆ 112.

ಜಯನಗರದ ಟೀಚರ್ (ಜನವರಿ ಕೊನೆ):

ಹೋಗಿ ಬಂದೆವು! ಮೂರು ದಿನ ಕಲಿತೆವು. ಮೊದಲ ದಿನ ಕಲಿಸುವವರು ಒಂದು ಗಂಟೆ ತಡವಾಗಿ ಬರಲು ಹೇಳಿದರು, ಇಳಿತ ಇನ್ನೂ ಮುಗಿದಿಲ್ಲ ಅಂತ. ಆ ಮಾತು ಕೇಳಿಯೇ ಅರ್ಧ ಭಯ ಹೋಯಿತು. ಸೊಂಟದ ಲೀಶ್ ಕೇಳಿದ್ದಕ್ಕೆ ಒಳಗಿಂದ ತಂದುಕೊಟ್ಟರು. ನಾನು ಎರಡನೇ ದಿನ ನಿಂತೆ. ಮಗಳು ಮೊದಲ ದಿನವೇ ನಿಂತಳು. ಆದರೆ ನನಗೆ ಖುಷಿ ಕೊಟ್ಟಿದ್ದು ಬೇರೆ. ಮೂರನೇ ದಿನ ಯಾರೂ ಹೇಳದೆಯೇ ಅವಳು ಸೇತುವೆಯ ಕಂಬ ನೋಡಿ, "ಅಮ್ಮಾ, ಇನ್ನೂ ತುಂಬುತ್ತಿದೆ, ಬಾ" ಅಂದಳು.

ಏಪ್ರಿಲ್ ರಜೆಗೆ ಮತ್ತೆ ಬರಬೇಕಂತೆ ಅವಳಿಗೆ. ಆಗ ಸಮುದ್ರದ ಕಡೆಯಿಂದ ಬರುವ ಪಡುಗಾಳಿ ಎಷ್ಟು ಹೊತ್ತಿಗೆ ಏಳುತ್ತದೆ ಅಣ್ಣಾ?

ಹೊಳೆಬದಿ ಮನೆ:

ಬಹಳ ಸಂತೋಷ ಅಕ್ಕಾ. ಏಪ್ರಿಲ್‌ನಲ್ಲಿ ಹನ್ನೊಂದಕ್ಕೆಲ್ಲ ಏಳುತ್ತದೆ. ಆರೂವರೆಗೆ ಇಳಿದು ಒಂಬತ್ತಕ್ಕೆ ಮೇಲೆ ಬನ್ನಿ, ಬಿಸಿಲೂ ತಪ್ಪುತ್ತದೆ. ಉಬ್ಬರ ನೋಡಿಕೊಂಡು ದಿನ ಗೊತ್ತು ಮಾಡಿ.