ಒಂದು ಚದರಡಿ ಲಾರ್ಡ್

"ಇವತ್ತಿನಿಂದ ನನ್ನನ್ನು ಲಾರ್ಡ್ ಅನ್ನಬೇಕು" ಎನ್ನುತ್ತ ಸೀನ ಒಳಗೆ ಬಂದ. ಕೈಯಲ್ಲಿ ಚಿನ್ನದ ಅಂಚಿನ ಸರ್ಟಿಫಿಕೇಟು. ಲ್ಯಾಮಿನೇಷನ್ ಬೇರೆ.

ಆನ್‌ಲೈನಿನಲ್ಲಿ ಸ್ಕಾಟ್ಲೆಂಡಿನ ಒಂದು ಚದರಡಿ ಜಾಗ ಕೊಂಡಿದ್ದಾನಂತೆ. ಜಾಗದ ಜೊತೆ ಲಾರ್ಡ್ ಪದವಿ ಫ್ರೀ.

ನಾಣಿ ಲೋಟ ಕೆಳಗಿಟ್ಟ. "ಒಂದು ಚದರಡಿಯಾ? ಒಂಟಿ ಕಾಲಲ್ಲಿ ನಿಲ್ಲಬೇಕಲ್ಲೋ! ಇನ್ನೊಂದು ಕಾಲು ಊರಿದರೆ ಪಕ್ಕದ ಲಾರ್ಡ್ ಜಗಳಕ್ಕೆ ಬರುತ್ತಾನೆ."

"ಖಾತೆ ಆಯ್ತಾ?" ಎಂದರು ಮೇಷ್ಟ್ರು.

ಸೀನ ಮಾತಾಡಲಿಲ್ಲ.

"ಆಗಲ್ಲ. ನೆನಪಿಗೆ ಇರಲಿ ಅಂತ ಮಾರುವ ಇಂಥ ಚೂರುಗಳನ್ನು ಅಲ್ಲಿನ ಭೂನೋಂದಣಿಯವರು ಪುಸ್ತಕಕ್ಕೇ ಹತ್ತಿಸಲ್ಲ. ಲಾಂಛನಗಳನ್ನು ನೋಡಿಕೊಳ್ಳುವ ಲಾರ್ಡ್ ಲಯನ್ ಕೋರ್ಟ್ ಕೂಡ ಇದರಿಂದ ಯಾವ ಬಿರುದೂ ಬರಲ್ಲ ಅನ್ನುತ್ತದೆ."

"ಬಿ ಖಾತೆಯೂ ಇಲ್ಲದ ಲಾರ್ಡು!" ಎಂದ ನಾಣಿ.

"ಅಲ್ಲಿನ ನಿಜವಾದ ಲಾರ್ಡ್ ಬೇಕಾದರೆ ನಮ್ಮಲ್ಲಿ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿ ಇದ್ದಾನಲ್ಲ" ಎಂದರು ಮೇಷ್ಟ್ರು. "ಎಡಿನ್‌ಬರೋ ಹತ್ತಿರದ ಡಾಲ್‌ಹೌಸಿ ಕೋಟೆಯಲ್ಲಿ 1812ರಲ್ಲಿ ಹುಟ್ಟಿದ. ಮೂರನೇ ಮಗ, ಏನೂ ಸಿಗುವ ಹಾಗಿರಲಿಲ್ಲ. ಅಣ್ಣಂದಿರು ತೀರಿಕೊಂಡರು. 1838ರಲ್ಲಿ ಅಪ್ಪನ ಅರ್ಲ್ ಪದವಿ ಇವನಿಗೆ ಬಂತು."

"'ದತ್ತು ಮಕ್ಕಳಿಗೆ ಹಕ್ಕಿಲ್ಲ' ಅಂತ ರಾಜ್ಯಗಳನ್ನು ನುಂಗಿದವನು. ಐದು ಅಂಕದ ಪ್ರಶ್ನೆ!" ಎಂದ ನಾಣಿ. "ಸತಾರಾ, ಝಾನ್ಸಿ, ನಾಗಪುರ. ಇನ್ನೂ ಬಾಯಿಪಾಠ ನೋಡಿ."

"ಕಿತ್ತೂರು ಬಿಟ್ಟೆ" ಎಂದ ಸೀನ.

"ಅದು 1824. ಆಗ ಡಾಲ್‌ಹೌಸಿಗೆ 12 ವರ್ಷ ಕಣಯ್ಯಾ. ಚೆನ್ನಮ್ಮನ ದತ್ತು ಮಗನನ್ನು ಒಪ್ಪದವರು ಇವನಿಗಿಂತ ಮುಂಚಿನವರು. ಅವರು ದಾರಿ ತೋರಿಸಿದರು, ಇವನು ಅದಕ್ಕೆ ಟಾರು ಹಾಕಿದ. ಝಾನ್ಸಿಯ ಗಂಗಾಧರರಾಯ 1853ರಲ್ಲಿ ಸಾಯುವ ಮುನ್ನಾ ದಿನ ಮಗುವನ್ನು ದತ್ತು ತೆಗೆದುಕೊಂಡ. ಅದೇ ವರ್ಷ ಡಾಲ್‌ಹೌಸಿಯ ಹೆಂಡತಿಯೂ ಊರಿಗೆ ಹೊರಟವಳು ಹಡಗಿನಲ್ಲೇ ತೀರಿಕೊಂಡಳು. ಸಾವು ನೋಡಿದವನೇ. ಆದರೂ ಝಾನ್ಸಿ ಬಿಡಲಿಲ್ಲ."

"ಅವನಿಗೆ ಗಂಡು ಮಕ್ಕಳೆಷ್ಟು?" ನಾಣಿ ಕೇಳಿದ.

"ಸೊನ್ನೆ. ಇಬ್ಬರು ಹೆಣ್ಣುಮಕ್ಕಳು. ಪಂಜಾಬ್ ನುಂಗಿದ್ದಕ್ಕೆ 1849ರಲ್ಲಿ ಮಾರ್ಕ್ವಿಸ್ ಪದವಿ ಕೊಟ್ಟಿದ್ದರಲ್ಲ, 1860ರಲ್ಲಿ ಅವನು ಸತ್ತ ದಿನವೇ ಅದೂ ಸತ್ತಿತು. ಗಂಡು ಸಂತಾನ ಇಲ್ಲ ಅಂತ."

ನಾಣಿ ತೊಡೆ ತಟ್ಟಿಕೊಂಡ. "ಕಂತು ಕಟ್ಟದ ಪಾಲಿಸಿ ಹಾಗೆ ಲ್ಯಾಪ್ಸ್! ಝಾನ್ಸಿ ರಾಣಿ ಇದ್ದಿದ್ದರೆ ನೋಟಿಸ್ ಕಳಿಸುತ್ತಿದ್ದಳು: 'ವಾರಸುದಾರರಿಲ್ಲದ ಕಾರಣ ತಮ್ಮ ಪದವಿಯನ್ನು ವಶಕ್ಕೆ ಪಡೆಯಲಾಗಿದೆ.'"

"ಅರ್ಲ್ ಪದವಿ ಉಳಿಯಿತು. ಚಿಕ್ಕಪ್ಪನ ಮಗ ಫಾಕ್ಸ್ ಮೌಲ್‌ಗೆ ಹೋಯಿತು."

"ಇವರು ರಾಮ್‌ಸೇ ಮನೆತನ ಅಲ್ವಾ? ಚಿಕ್ಕಪ್ಪನ ಮಗ ಮೌಲ್ ಹೇಗಾದ?"

"ಆ ಚಿಕ್ಕಪ್ಪನಿಗೆ ಪಾನ್‌ಮ್ಯೂರ್ ಎಸ್ಟೇಟ್ ಸಿಕ್ಕಿತು. ಅದು ಮೌಲ್‌ಗಳ ಆಸ್ತಿ. ಅದಕ್ಕೆ ರಾಮ್‌ಸೇ ಬಿಟ್ಟು ಮೌಲ್ ಅಂತ ಹೆಸರಿಟ್ಟುಕೊಂಡ."

"ಅಂದರೆ ದತ್ತು!" ಸೀನ ಎದ್ದು ಕೂತ.

"ಛೆ ಛೆ, ದೊಡ್ಡವರ ಮನೇಲಿ ಹಾಗನ್ನಬಾರದು" ಎಂದ ನಾಣಿ. "ಅವರು ಇನಿಷಿಯಲ್ ಬದಲಿಸಿದರೆ ಎಸ್ಟೇಟು. ನಾವು ಬದಲಿಸಿದರೆ ಮನೆ ಮುಂದೆ ಫಿರಂಗಿ."

"ಆ ಫಾಕ್ಸ್ ಮೌಲ್‌ಗೂ ಮಕ್ಕಳಿರಲಿಲ್ಲ. 1874ರಲ್ಲಿ ಅರ್ಲ್ ಪದವಿ ಮತ್ತೊಬ್ಬ ದಾಯಾದಿಗೆ."

"ನಿನ್ನ ಚದರಡಿ ಯಾರಿಗೋ ಸೀನ? ಇಬ್ಬರು ಮಕ್ಕಳು. ಪಾಲು ಮಾಡಿದರೆ ತಲಾ ಒಂದು ಹೆಬ್ಬೆರಳು." ನಾಣಿ ಸರ್ಟಿಫಿಕೇಟು ಕಸಿದುಕೊಂಡ. ಕನ್ನಡಕ ಏರಿಸಿ ಓದಿದ. "ನೋಡು, ಹೆಸರೂ ತಪ್ಪು ಹಾಕಿದ್ದಾರೆ. ಲಾರ್ಡ್ ಆರ್. ಶ್ರೀನಿವಾಸ. ಮಾರ್ಕ್ಸ್ ಕಾರ್ಡಿನಿಂದ ರೇಷನ್ ಕಾರ್ಡಿನವರೆಗೂ ನೀನು ಕೆ. ಶ್ರೀನಿವಾಸ ಅಲ್ವಾ?"

"ತಪ್ಪಲ್ಲ. ನಾನೇ ಹಾಕಿಸಿದ್ದು." ಸೀನ ಸರ್ಟಿಫಿಕೇಟು ವಾಪಸು ತೆಗೆದುಕೊಂಡು ಪಂಚೆ ತುದಿಯಿಂದ ಒರೆಸಿದ. "ಹೆತ್ತಪ್ಪ ರಂಗಪ್ಪ. ಆರು ವರ್ಷಕ್ಕೆ ನನ್ನನ್ನು ದೊಡ್ಡಪ್ಪನ ಮನೆಗೆ ದತ್ತು ಕೊಟ್ಟರು. ಇಲ್ಲಿ ನನಗೆ ಎಲ್ಲ ಬಂತು, ಮನೆ, ತೋಟ. ಅಪ್ಪನ ಗದ್ದೆಯಲ್ಲಿ ಮಾತ್ರ ಪಾಲಿಲ್ಲ. ಇರಬಾರದು ಕೂಡ, ಸರಿಯೇ. ಆದರೂ ಆ ಹೆಸರಲ್ಲಿ ಎಲ್ಲಾದರೂ ಒಂದಡಿ ಇರಲಿ ಅನ್ನಿಸಿತು."

ಮೇಷ್ಟ್ರು ಕಿಟಕಿ ಕಡೆ ನೋಡಿದರು. ನಾಣಿ ಬಾಯಿ ತೆರೆದು ಮುಚ್ಚಿದ. ಆಮೇಲೆ ಲೋಟವನ್ನು ಸೀನನ ಕಡೆ ಸರಿಸಿದ.

"ಕಾಫಿ ಆರುತ್ತಿದೆ, ಲಾರ್ಡ್ ಆರ್. ಶ್ರೀನಿವಾಸರೇ."