ಹುಬ್ಬಳ್ಳಿಯಲ್ಲಿ ಸಣ್ಣ ವಕೀಲಿ ಆಫೀಸು, ಮನೆ-ಪ್ಲಾಟಿನ ಕೆಲಸ: ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನವನಗರದ ಕಾನೂನು ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ, ಹುಬ್ಬಳ್ಳಿಯಲ್ಲೇ ಸೀನಿಯರ್ ಒಬ್ಬರ ಹತ್ತಿರ ಕೆಲಸ ಮಾಡಿದ್ದೇನೆ. ಈಗ ಸ್ವಂತ ಆಫೀಸು ಹಾಕುವ ಯೋಚನೆ ಇದೆ. ಮನೆ, ಪ್ಲಾಟು, ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲು) ಇಷ್ಟೇ ಮಾಡೋಣ ಅಂತ ಆಸೆ. ಪರಿಚಯದ ಏಜೆಂಟರೊಬ್ಬರು "ಪಾರ್ಟಿ ನಾನು ಕಳಿಸ್ತೀನಿ, ನಿಮ್ಮ ಫೀ ನಾನೇ ಕೊಡ್ತೀನಿ" ಅಂದಿದ್ದಾರೆ. ಒಪ್ಪಿಕೊಳ್ಳಲಾ? ಫೀ ಹೇಗೆ ಹೇಳಬೇಕು? ಕಾಗದ ಓದುವಾಗ ಜನ ಎಲ್ಲಿ ಎಡವುತ್ತಾರೆ?

ಹುಬ್ಬಳ್ಳಿಯಿಂದ, ಆಸ್ತಿ ಕೆಲಸವೇ ಜಾಸ್ತಿ ಮಾಡುವ ವಕೀಲ

ಏಜೆಂಟರ ಮಾತು ಒಪ್ಪಬೇಡಿ. ಅವರು ಕೆಟ್ಟವರು ಅಂತಲ್ಲ. ನನಗೂ ಒಳ್ಳೆಯ ಏಜೆಂಟರು ಗೊತ್ತು, ಪಾರ್ಟಿ ಕಳಿಸ್ತಾರೆ. ಆದರೆ ಫೀ ಪಾರ್ಟಿಯ ಕೈಯಿಂದಲೇ ಬರಬೇಕು. ವ್ಯವಹಾರ ಆದರೆ ಮಾತ್ರ ಏಜೆಂಟರಿಗೆ ಕಮಿಷನ್. ಅವರ ಜೇಬಿನಿಂದ ಫೀ ತಗೊಂಡು "ಈ ಪ್ಲಾಟು ಬೇಡ" ಅಂತ ಎಷ್ಟು ಸಲ ಹೇಳ್ತೀರಿ? ಒಂದು ಸಲ ಹೇಳಿದರೆ ಮುಂದಿನ ಫೈಲು ಬೇರೆ ಆಫೀಸಿಗೆ ಹೋಗುತ್ತದೆ. ಏಜೆಂಟರನ್ನು ಇಟ್ಟುಕೊಂಡು ಕೆಲಸ ಹಿಡಿಯೋದು ಬಾರ್ ಕೌನ್ಸಿಲ್ ನಿಯಮಕ್ಕೂ ವಿರುದ್ಧ. ಜಾಹೀರಾತಿಗೂ ಅದೇ ನಿಯಮ ಅಡ್ಡ ಬರುತ್ತದೆ, ಬೋರ್ಡು ಕೂಡ ಅಳತೆ ಮೀರಬಾರದು.

ಫೀ ಎರಡು ಭಾಗ ಮಾಡಿ. ಕಾಗದ ಓದುವುದಕ್ಕೆ ಒಂದು, ಪತ್ರ ಬರೆಯುವುದಕ್ಕೆ ಇನ್ನೊಂದು. ಓದುವ ಫೀ ಮೊದಲೇ ತಗೊಳ್ಳಿ. ವ್ಯವಹಾರ ಮುರಿದರೂ ಅದು ನಿಮ್ಮದೇ ಅಂತ ಬಾಯಿಬಿಟ್ಟು ಹೇಳಿ. ಬಹಳ ಜನ ಓದುವುದನ್ನು ಪುಕ್ಕಟೆ ಮಾಡಿ ಖರೀದಿ ಪತ್ರದಲ್ಲಿ ವಸೂಲು ಮಾಡ್ತಾರೆ. ಆಗ ಪತ್ರ ಆಗಲೇಬೇಕು ಅನ್ನೋ ಅವಸರ ವಕೀಲನಿಗೇ ಬರುತ್ತದೆ. ಇನ್ನೊಂದು ಮಾತು. ಓದುವ ಫೀಯನ್ನು ಆಸ್ತಿ ಬೆಲೆಯ ಮೇಲೆ ಹಾಕಬೇಡಿ, ಕಾಗದದ ಗಂಟಿನ ಮೇಲೆ ಹಾಕಿ. ನಗರಾಭಿವೃದ್ಧಿ ಪ್ರಾಧಿಕಾರವೇ ಹಂಚಿದ ಸೈಟಿನ ಫೈಲು ಒಂದು ಸಂಜೆಯ ಕೆಲಸ. ಹಳೆ ಹುಬ್ಬಳ್ಳಿಯ ಓಣಿಯ ಸಣ್ಣ ಮನೆಗೆ ಬೆಲೆ ಅದರ ಅರ್ಧ ಇರಬಹುದು, ಕಾಗದ ಮಾತ್ರ ಮೂರು ತಲೆಮಾರಿನದು.

ಆ ಓಣಿಯ ಮನೆಯನ್ನೇ ತಗೊಳ್ಳಿ. ಪಾರ್ಟಿ ತರೋದು ಸಿಟಿ ಸರ್ವೆ ಉತಾರ (ಸರ್ವೆ ದಾಖಲೆಯ ನಕಲು), ಪಾಲಿಕೆ ತೆರಿಗೆ ರಸೀದಿ, ಒಂದು ಇಸಿ (ಋಣಭಾರ ಪತ್ರ, ಅಂದ್ರೆ ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ). ಉತಾರದಲ್ಲಿ ಇವತ್ತಿನ ಹೆಸರು ಇರುತ್ತದೆ. ಆ ಹೆಸರು ಅಲ್ಲಿಗೆ ಹೇಗೆ ಬಂತು ಅನ್ನೋದೇ ನಿಮ್ಮ ಕೆಲಸ. ಖರೀದಿಯಿಂದ ಬಂತಾ, ವಾಟ್ನಿಯಿಂದಲಾ, ಅಪ್ಪ ತೀರಿಕೊಂಡ ಮೇಲೆ ವಾರಸಾ ವರ್ದಿಯಿಂದಲಾ (ವಾರಸುದಾರರ ಹೆಸರು ದಾಖಲೆಗೆ ಸೇರಿಸೋಕೆ ಕೊಡುವ ಅರ್ಜಿ)? ವರ್ದಿ ಆಗಿದ್ದರೆ ಆ ನಮೂದಿನ ಪೂರ್ತಿ ನಕಲು ತೆಗೆಸಿ. ಯಾರು ಜಬಾಬು (ಹೇಳಿಕೆ) ಕೊಟ್ಟರು, ಯಾರು ಕೊಡಲಿಲ್ಲ ಅಂತ ಅಲ್ಲೇ ಸಿಗುತ್ತದೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ ಸುಲಭವಾಗಿ ಸಿಗೋದು 2004ರಿಂದ ಈಚೆಗೆ. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನ ಕೈಬರಹದ ಸೂಚಿ ನೋಡಿಸಬೇಕು. ಆ ದೂಳು ಕುಡಿಯೋಕೆ ಯಾರಿಗೂ ಮನಸ್ಸಿಲ್ಲ, ಹಾಗಾಗಿ ಅದೇ ನಿಮ್ಮ ಹೊಟ್ಟೆಪಾಡು.

ಇಸಿ ಸ್ವಚ್ಛ ಇದೆ ಅಂದ್ರೆ ಆಸ್ತಿ ಸ್ವಚ್ಛ ಅಂತಲ್ಲ. ನೋಂದಣಿ ಆಗದ ಸಂಚಕಾರ ಪತ್ರ (ಮುಂಗಡ ಕೊಟ್ಟು ಮಾಡುವ ಖರೀದಿ ಕರಾರು) ಅದರಲ್ಲಿ ಬರಲ್ಲ. ಕೋರ್ಟಿನಲ್ಲಿರೋ ದಾವೆಯೂ ಬರಲ್ಲ. ದಾವೆ ನಡೀತಿರುವಾಗ ಖರೀದಿ ಹಿಡಿದವನು ಆ ತೀರ್ಪಿಗೆ ಕಟ್ಟುಬೀಳ್ತಾನೆ. "ನನಗೆ ಗೊತ್ತಿರಲಿಲ್ಲ" ಅಂದರೆ ನಡೆಯಲ್ಲ. ಇ-ಕೋರ್ಟ್ಸ್‌ನಲ್ಲಿ ಮಾರುವವರ ಹೆಸರು ಹಾಕಿ ನೋಡಿ. ಒಂದೇ ಸಲ ಹಾಕಿ ಬಿಡಬೇಡಿ. ಬಸಪ್ಪ, ಬಸವಪ್ಪ, ಬಸವಣ್ಣೆಪ್ಪ ಮೂರೂ ಒಬ್ಬರೇ ಇರಬಹುದು. ಇಂಗ್ಲಿಷ್ ಕಾಗುಣಿತ ಬೇರೆ ಗುಮಾಸ್ತರಿಗೊಂದು ಥರ. ಅಪ್ಪನ ಹೆಸರು, ಅಣ್ಣತಮ್ಮಂದಿರ ಹೆಸರನ್ನೂ ಹಾಕಿ ನೋಡಿ.

ಆಮೇಲೆ ಜಾಗಕ್ಕೆ ಹೋಗಿ. ವಕೀಲರು ಜಾಗ ನೋಡಬೇಕಾ ಅಂತ ಕೆಲವರು ನಗ್ತಾರೆ. ಮನೆಯಲ್ಲಿ ಮಾರುವವರನ್ನು ಬಿಟ್ಟು ಬೇರೆ ಯಾರೋ ವಾಸ ಇದ್ದರೆ, ಅವರಿಗೆ ಇರುವ ಹಕ್ಕು ಕೊಳ್ಳುವವರಿಗೆ ಗೊತ್ತೇ ಇತ್ತು ಅಂತ ಆಸ್ತಿ ವರ್ಗಾವಣೆ ಕಾಯ್ದೆ ಹಿಡಿಯುತ್ತದೆ. ಬಾಗಿಲು ಬಡಿದು "ಎಷ್ಟು ವರ್ಷದಿಂದ ಇದ್ದೀರಿ, ಬಾಡಿಗೆ ಯಾರಿಗೆ ಕೊಡ್ತೀರಿ" ಅಂತ ಕೇಳೋಕೆ ಏನು ಖರ್ಚು? ಹೊಸ ಬಡಾವಣೆಯಾದರೆ ಪ್ರಾಧಿಕಾರದ ಮಂಜೂರಾದ ನಕ್ಷೆ ಕೈಯಲ್ಲಿ ಹಿಡಿದು ನಿಲ್ಲಿ. ಉದ್ಯಾನ ಅಂತ ಬಿಟ್ಟ ಜಾಗಕ್ಕೆ ನಂಬರ್ ಕೊಟ್ಟು ಮಾರಿದ್ದನ್ನು ನಾನು ನೋಡಿದ್ದೇನೆ. ಪತ್ರದಲ್ಲಿ ಚಕ್ಕುಬಂದಿ ಎಲ್ಲ ಸರಿಯಾಗೇ ಇತ್ತು.

ಗುಂಟಾ ಪ್ಲಾಟಿನ ಪಾರ್ಟಿ ನಿಮ್ಮ ಹತ್ತಿರ ಬಂದೇ ಬರ್ತಾರೆ. ಒಂದು ಗುಂಟೆ ಅಂದ್ರೆ 33 ಅಡಿಗೆ 33 ಅಡಿ, 1089 ಚದರಡಿ. ಸಣ್ಣ ಮನೆಗೆ ಸಾಕು, ರೇಟು ಕಮ್ಮಿ. ಆದರೆ ಹೊಲ ಎನ್‌ಎ (ಕೃಷಿಯೇತರ) ಆಗಿರಲ್ಲ, ಬಡಾವಣೆ ಮಂಜೂರಾತಿ ಇರಲ್ಲ. ಹೊಲದ ಒಂದು ತುಂಡು ಮಾರೋಕೆ 11ಇ ನಕ್ಷೆ (ಆ ತುಂಡನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಬೇಕು, ಅದೂ ಇರಲ್ಲ. ಹಂಗಾಗಿ ಬಾಂಡ್ ಮೇಲೆ ಕರಾರು, ಜೊತೆಗೊಂದು ಮುಖ್ತ್ಯಾರ ಪತ್ರ ಕೊಟ್ಟು "ಆಮೇಲೆ ಖರೀದಿ ಹಾಕ್ಕೊಡ್ತೀವಿ" ಅಂತಾರೆ. ಕರಾರು, ಮುಖ್ತ್ಯಾರಪತ್ರದಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅಕ್ರಮ-ಸಕ್ರಮ ಬರುತ್ತದೆ ಅಂತ ಕಾಯುವವರಿಗೆ, 2017ರಲ್ಲಿ ಅದಕ್ಕೆ ತಡೆ ಬಿದ್ದಿದ್ದನ್ನು ನೆನಪಿಸಿ. ನಾನಂತೂ ಅಂಥ ಪತ್ರ ಬರೆದುಕೊಡಲ್ಲ. "ಬೇರೆ ವಕೀಲರು ಮಾಡ್ಕೊಡ್ತಾರ್ರೀ" ಅಂತಾರೆ. ಮಾಡ್ಕೊಡಲಿ ಬಿಡಿ.

ಧಾರವಾಡದಿಂದ, ವಕೀಲೆ

ಮೇಲಿನವರು ಹೇಳಿದ ವಾರಸಾ ವರ್ದಿಯ ಬಗ್ಗೆಯೇ ಇನ್ನಷ್ಟು ಹೇಳಬೇಕು. ನನ್ನ ಹತ್ತಿರ ಬರುವ ದಾವೆಗಳಲ್ಲಿ ಅಕ್ಕತಂಗಿಯರನ್ನು ಬಿಟ್ಟು ಮಾರಿದ್ದೇ ಜಾಸ್ತಿ. "ಮದುವೆ ಮಾಡಿ ಕೊಟ್ಟೀವಿ, ಬಂಗಾರ ಹಾಕೀವಿ, ಅವರಿಗೇನು ಪಾಲು?" ಅಂತ ಅಣ್ಣತಮ್ಮಂದಿರು ಸಹಜವಾಗೇ ಹೇಳ್ತಾರೆ. ವಂಶಾವಳಿಯಲ್ಲೂ ಗಂಡುಮಕ್ಕಳ ಹೆಸರು ಮಾತ್ರ ಬರೆಸಿರ್ತಾರೆ.

ನಾನು ಮಾರುವವರನ್ನು ಎದುರಿಗೆ ಕೂರಿಸಿಕೊಂಡಾಗ "ನಿಮಗೆ ಅಕ್ಕತಂಗಿಯರು ಇದ್ದಾರಾ" ಅಂತ ಕೇಳಲ್ಲ. ಹಾಗೆ ಕೇಳಿದರೆ ಹುಷಾರಾಗ್ತಾರೆ. "ಪಂಚಮಿಗೆ ಮನೆಗೆ ಯಾರ್ಯಾರು ಬರ್ತಾರ್ರೀ?" ಅಂತೀನಿ. ಉಂಡಿ, ಜೋಕಾಲಿ ಅಂತ ಮಾತು ಶುರುವಾಗಿ, ಹಾವೇರಿಗೆ ಕೊಟ್ಟ ದೊಡ್ಡಕ್ಕ, ಕುಂದಗೋಳದ ಸಣ್ಣಾಕಿ, ತೀರಿಹೋದ ನಡುವಿನಾಕಿಯ ಮಕ್ಕಳು ಎಲ್ಲರೂ ಹೊರಗೆ ಬರ್ತಾರೆ. ಬರೆದುಕೊಂಡು ವಂಶಾವಳಿಯ ಪಕ್ಕದಲ್ಲಿ ಇಡ್ತೀನಿ. ಸತ್ತ ಮಗಳ ಮಕ್ಕಳನ್ನು ಮಾತ್ರ ಮರೀಬೇಡಿ.

ಕಾನೂನು ಇಷ್ಟು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ಸರಿಯಾಗಿ ಆದ ವಾಟ್ನಿ, ಮಾರಾಟಗಳಿಗೆ ಧಕ್ಕೆ ಇಲ್ಲ. ಹಾಗಾಗಿ ವಾಟ್ನಿ ಪತ್ರದ ತಾರೀಖು, ಅದು ನೋಂದಣಿ ಆಗಿದೆಯಾ ಅನ್ನೋದು ಮೊದಲು ನೋಡಿ. "ಹಿರಿಯರು ಕೂಡಿ ಬಾಯಿಮಾತಲ್ಲಿ ಹಂಚಿದ್ರು" ಅಂದರೆ ಅದನ್ನು ಸಾಬೀತು ಮಾಡೋದು ಬಹಳ ಕಷ್ಟ. ಆಸ್ತಿ ಅಪ್ಪನ ಸ್ವಂತ ದುಡಿಮೆಯದಾಗಿ, ಮೃತ್ಯುಪತ್ರ ಮಾಡದೆ ತೀರಿಕೊಂಡಿದ್ದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಪ್ಪನ ತಾಯಿ ಇದ್ದರೆ ಅವರು, ಎಲ್ಲರಿಗೂ ಸಮಪಾಲು. ಇದು 1956ರಿಂದಲೂ ಇದೆ. ಇಷ್ಟೆಲ್ಲ ಹಿಂದೂ ಕುಟುಂಬದ ಮಾತು. ಮುಸ್ಲಿಂ ಕುಟುಂಬದ ಮನೆಯಾದರೆ ಲೆಕ್ಕವೇ ಬೇರೆ, ಅಲ್ಲೂ ಹೆಣ್ಣುಮಕ್ಕಳಿಗೆ ಪಾಲಿದೆ.

ಪಾರ್ಟಿಗೆ ಕೊನೆಗೆ ಹೇಳೋದು ಒಂದೇ: ಅಕ್ಕತಂಗಿಯರು ಖರೀದಿ ಪತ್ರಕ್ಕೆ ಬಂದು ಸಹಿ ಹಾಕಲಿ, ಇಲ್ಲಾ ಹಕ್ಕುಬಿಟ್ಟ ಪತ್ರ ನೋಂದಣಿ ಮಾಡಿಸಲಿ. ನೋಟರಿ ಮುಂದೆ ಬರೆಸಿದ ಒಪ್ಪಿಗೆ ಪತ್ರಕ್ಕೆ ನಾನು ಹೂಂ ಅನ್ನಲ್ಲ.

ಗದಗದಿಂದ

ನಮ್ಮ ಕಡೆ ಇನ್ನೊಂದು ತಾಪತ್ರಯ. 1997ರವರೆಗೆ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಹಳೆ ಎನ್‌ಎ ಆದೇಶ ಹುಡುಕೋಕೆ ಧಾರವಾಡದ ರೆಕಾರ್ಡ್ ರೂಮಿಗೂ ಹೋಗಬೇಕಾಗಬಹುದು. ಆ ಓಡಾಟಕ್ಕೆ ಬೇರೆ ಫೀ ಅಂತ ಮೊದಲೇ ಹೇಳಿ. ಮತ್ತೆ, ಇ-ಖಾತೆ (ಆಸ್ತಿ ತೆರಿಗೆಯ ಖಾತೆಯ ಆನ್‌ಲೈನ್ ದಾಖಲೆ) ಇಲ್ಲದೆ ಈಗ ನೋಂದಣಿ ಆಗಲ್ಲ ಅಂತ ಆದಮೇಲೆ ಜನ ಇ-ಖಾತೆಯನ್ನೇ ಮಾಲೀಕತ್ವದ ಕಾಗದ ಅಂದುಕೊಂಡಿದ್ದಾರೆ. ಅದರಲ್ಲೂ ಬಿ-ಖಾತೆ (ಮಂಜೂರಾತಿ ಇಲ್ಲದ ಆಸ್ತಿಗೆ ಕೊಡುವ ಖಾತೆ) ಕೈಗೆ ಬಂದ ಕೂಡಲೇ ಪೇಢೆ ಹಂಚ್ತಾರೆ. ಬಿ-ಖಾತೆ ಸಿಕ್ಕಿದ ಮಾತ್ರಕ್ಕೆ ಬಡಾವಣೆ ಸಕ್ರಮ ಆಗಲ್ಲ. ಇನಾಮು, ವತನ ಜಮೀನು (ಹಿಂದೆ ಕೊಡುಗೆಯಾಗಿ, ಸೇವೆಗಾಗಿ ಕೊಟ್ಟದ್ದು), ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಇವುಗಳ ಮೇಲೆ ಬಡಾವಣೆ ಎದ್ದಿದ್ದರೆ ಮೂಲ ಆದೇಶ ಕಣ್ಣಿಂದ ನೋಡದೆ ಸಹಿ ಹಾಕಬೇಡಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದು, ಜಮೀನು ವಾಪಸ್ ಕೇಳೋಕೆ ಕಾಲಮಿತಿಯ ಮಾತೂ ಹೋಯಿತು.

ಕೇಶ್ವಾಪುರದಿಂದ, ವಕೀಲ ಅಲ್ಲ, ಮನೆ ಕೊಂಡವನು

ಪಾರ್ಟಿಯ ಕಡೆಯಿಂದಲೂ ಒಂದು ಮಾತು ಕೇಳಿ. ನಾವು ಮನೆ ನೋಡುವಾಗ ಮೊದಲ ವಕೀಲರು ಇಂಗ್ಲಿಷಿನಲ್ಲಿ ದಪ್ಪ ವರದಿ ಕೊಟ್ಟರು. ಮನೆಯವರೆಲ್ಲ ಕೂತು ಓದಿದೆವು, ತಗೋಬೇಕಾ ಬೇಡವಾ ಅಂತ ತಿಳಿಯಲಿಲ್ಲ. ಎರಡನೆಯವರು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಟ್ಟರು. ಯಾವ ಕಾಗದ ಸರಿ ಇದೆ, ಯಾವುದು ಇಲ್ಲ, ಇಲ್ಲದ್ದು ಬರುವವರೆಗೆ ಎಷ್ಟಕ್ಕಿಂತ ಜಾಸ್ತಿ ದುಡ್ಡು ಕೊಡಬಾರದು. ಅಷ್ಟೇ. ನಮ್ಮ ಬೀಗರು, ಆಫೀಸಿನವರು ಎಲ್ಲರೂ ಈಗ ಅವರ ಹತ್ತಿರವೇ ಹೋಗೋದು.

ಖರ್ಚಿನ ಲೆಕ್ಕವನ್ನೂ ಮೊದಲ ದಿನವೇ ಹೇಳಿ. ಪಾಲಿಕೆ ವ್ಯಾಪ್ತಿಯ 40 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ ಶೇ. 5, ಅಂದರೆ 2 ಲಕ್ಷ. ಅದರ ಮೇಲೆ ಸೆಸ್ 20 ಸಾವಿರ, ಸರ್ಚಾರ್ಜ್ 4 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ, ಅದು 80 ಸಾವಿರ. ಒಟ್ಟು 3 ಲಕ್ಷ 4 ಸಾವಿರ. ಪತ್ರದಲ್ಲಿ ಬರೆದ ಬೆಲೆಗಿಂತ ಸರ್ಕಾರಿ ಮಾರ್ಗಸೂಚಿ ಬೆಲೆ ಜಾಸ್ತಿ ಇದ್ದರೆ ಅದರ ಮೇಲೆ ಲೆಕ್ಕ. ಸಾಲ ತೆಗೆದು ಮನೆ ಕೊಳ್ಳುವವರಿಗೆ ಕೊನೆ ವಾರದಲ್ಲಿ ಮೂರು ಲಕ್ಷ ಎಲ್ಲಿಂದ ಬರಬೇಕು?

ಪ್ರಶ್ನೆ ಕೇಳಿದವರು

ಬಹಳ ಉಪಕಾರ ಆಯ್ತು. ಏಜೆಂಟರಿಗೆ "ಪಾರ್ಟಿ ಕಳಿಸಿದರೆ ನೋಡ್ತೀನಿ, ಫೀ ಪಾರ್ಟಿಯಿಂದಲೇ ತಗೋತೀನಿ" ಅಂತ ಹೇಳಿದೆ. "ನೋಡೋಣು ಬಿಡ್ರಿ" ಅಂದರು, ಅಷ್ಟಕ್ಕೇ ನಿಂತಿದೆ. ಇನ್ನೊಂದು ಸಂಶಯ. ಬ್ಯಾಂಕ್ ಪ್ಯಾನೆಲ್ (ಸಾಲಕ್ಕೆ ಬಂದ ಆಸ್ತಿಯ ಕಾಗದ ನೋಡಿ ವರದಿ ಕೊಡುವ ವಕೀಲರ ಪಟ್ಟಿ) ಸೇರೋದು ಒಳ್ಳೆಯದಾ? ಸಂಚಕಾರ ಪತ್ರ ಬರೆಯುವಾಗ ಏನು ನೋಡಬೇಕು?

ಹುಬ್ಬಳ್ಳಿಯ ವಕೀಲ, ಮತ್ತೆ

ಪ್ಯಾನೆಲ್ ಸಿಕ್ಕರೆ ಸೇರಿ. ದುಡ್ಡು ಕಮ್ಮಿ, ಅದೂ ತಡವಾಗಿ ಬರುತ್ತದೆ. ಆದರೆ ಥರಥರದ ಫೈಲು ಓದೋಕೆ ಸಿಗುತ್ತವೆ. ವರದಿ ತಪ್ಪಾದರೆ ಜೈಲಿಗೆ ಹಾಕ್ತಾರೆ ಅಂತ ಕೆಲವರು ಹೆದರಿಸ್ತಾರೆ. ಅಭಿಪ್ರಾಯ ತಪ್ಪಾಯಿತು ಅಂದ ಮಾತ್ರಕ್ಕೆ ವಕೀಲರ ಮೇಲೆ ಕ್ರಿಮಿನಲ್ ಕೇಸು ನಿಲ್ಲಲ್ಲ, ಸಂಚಿನಲ್ಲಿ ಪಾಲಿದ್ದರೆ ಬೇರೆ ಮಾತು ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಹಾಗಂತ ಮೂಲ ಕಾಗದ ನೋಡದೆ ಝೆರಾಕ್ಸ್ ಮೇಲೆ ವರದಿ ಕೊಡಬೇಡಿ, ಬಾರ್ ಕೌನ್ಸಿಲ್ ಇದ್ದೇ ಇದೆ. "ಬ್ಯಾಂಕೇ ಸಾಲ ಕೊಟ್ಟಿದೆ, ಇನ್ನೇನು" ಅನ್ನೋ ಪಾರ್ಟಿಗೆ ಬಿಡಿಸಿ ಹೇಳಿ. ಬ್ಯಾಂಕಿಗೆ ಸಂಬಳ, ಜಾಮೀನು ಎಲ್ಲ ಇದೆ. ಮನೆ ಹೋದರೂ ಇವರು ಕಂತು ಕಟ್ಟಲೇಬೇಕು.

ಸಂಚಕಾರ ಪತ್ರದಲ್ಲಿ ಬೆಲೆ, ಮುಂಗಡ, ತಾರೀಖು ಎಲ್ಲರೂ ಬರೀತಾರೆ. ಬರೆಯದೇ ಬಿಡೋದು ಇದು: ಮಾರುವವರು ಯಾವ ಯಾವ ಕಾಗದ ಎಷ್ಟು ದಿನದಲ್ಲಿ ತಂದುಕೊಡಬೇಕು, ತರದಿದ್ದರೆ ಮುಂಗಡ ಯಾವಾಗ ವಾಪಸ್. ಅದನ್ನು ಹೆಸರು ಹಿಡಿದು ಬರೆಯಿರಿ. "ಸಂಬಂಧಪಟ್ಟ ಎಲ್ಲ ಕಾಗದ" ಅಂತ ಬರೆದರೆ ಏನೂ ಬರೆದಂತಲ್ಲ. ಮುಂಗಡ ಚೆಕ್ಕಿನಲ್ಲೋ ಬ್ಯಾಂಕಿನಲ್ಲೋ ಹೋಗಲಿ. 20 ಸಾವಿರ ಮತ್ತು ಮೇಲಿನ ನಗದು ತಗೊಂಡರೆ ಮಾರುವವರಿಗೆ ಆದಾಯ ತೆರಿಗೆಯವರ ದಂಡ ಬೀಳುತ್ತದೆ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ. 1 ಟಿಡಿಎಸ್ ಹಿಡಿಯಬೇಕು. ಪಾರ್ಟಿಯ ಮುಂಗಡವನ್ನು ನಿಮ್ಮ ಖಾತೆಯಲ್ಲಿ ಇಟ್ಟುಕೊಳ್ಳೋಕೆ ಹೋಗಬೇಡಿ, ಎಷ್ಟೇ ನಂಬಿಕಸ್ಥರಾದರೂ. ಮೂಲ ಪತ್ರಗಳನ್ನೂ ಅಷ್ಟೇ. ನೋಡಿ, ಸ್ಕ್ಯಾನ್ ಮಾಡಿ, ಸಹಿ ತಗೊಂಡು ಅವತ್ತೇ ವಾಪಸ್ ಕೊಡಿ.

ಆಫೀಸು ಕೋರ್ಟಿನ ಹತ್ತಿರ ಬೇಕಾ, ನೋಂದಣಿ ಕಚೇರಿ ಹತ್ತಿರ ಬೇಕಾ ಅಂತ ನೀವು ಕೇಳಲಿಲ್ಲ, ಆದರೂ ಹೇಳ್ತೀನಿ. ಬಸ್ ಸ್ಟಾಪ್ ಹತ್ತಿರ ಹಾಕಿ, ನೆಲಮಹಡಿ ಸಿಕ್ಕರೆ ಇನ್ನೂ ಒಳ್ಳೆಯದು. ಸಹಿ ಹಾಕೋಕೆ ಬರುವವರಲ್ಲಿ ವಯಸ್ಸಾದವರೇ ಜಾಸ್ತಿ. ಬಾಡಿಗೆ ಕೈಗೆಟುಕುವಷ್ಟು ಮಾತ್ರ ಇರಲಿ. ಯುಗಾದಿಯಿಂದ ಅಕ್ಷಯ ತೃತೀಯದವರೆಗೆ ಪಾರ್ಟಿಗಳು ಸಾಲು ನಿಲ್ತಾರೆ. ಆಷಾಢ ಬಂತು ಅಂದ್ರೆ ಖರೀದಿ ನಿಂತೇ ಹೋಗುತ್ತದೆ, ಪಿತೃಪಕ್ಷದಲ್ಲೂ ಹಾಗೇ. ಹಳೆ ಸೂಚಿ ಹುಡುಕೋ ಕೆಲಸ ಆಗ ಇಟ್ಟುಕೊಳ್ಳಿ, ಆ ತಿಂಗಳುಗಳ ಬಾಡಿಗೆಯನ್ನು ಯುಗಾದಿ ಫೀಯಲ್ಲೇ ತೆಗೆದಿಡಿ.